ಎರಡನೇ ಮಹಡಿಯ ಒದ್ದೆ ಮೆಟ್ಟಿಲು

ಶುಕ್ರವಾರ, ಬೆಳಿಗ್ಗೆ ಹತ್ತೂವರೆ
ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲಿಂದ

ನನ್ನ ಪುಟ್ಟಿಗೆ,

ನಿನ್ನ ಕಾಗದ ನಿನ್ನೆ ತಲುಪಿತು. ಒಂದು ದಿನ ಮೊದಲು ತಲುಪಿದ್ದರೆ ಇವತ್ತು ನಾನು ಈ ಬೆಂಚಿನ ಮೇಲೆ ಕೂತಿರುತ್ತಿರಲಿಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ, ಅಂಚೆಯವನದ್ದೂ ಇಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಓದುತ್ತಾ ನೀನು ತಲೆಯ ಮೇಲೆ ಕೈ ಹೊತ್ತು ಕೂರುವುದು ನನಗೆ ಗೊತ್ತು.

ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು. ಫೋನ್ ಮಾಡಬಾರದಿತ್ತೇ ಅನ್ನಬೇಡ. ನಿನ್ನ ಮಂದ ಕಿವಿಗೆ ಕೇಳಿಸಲಿ ಎಂದು ನಾನು ಕಿರುಚಿದರೆ ನಮ್ಮ ಇಡೀ ಕಟ್ಟಡಕ್ಕೆ ಕೇಳುತ್ತದೆ, ನಿನಗೊಬ್ಬಳಿಗೆ ಬಿಟ್ಟು. ಇದು ಕಟ್ಟಡಕ್ಕೆ ಕೇಳಿಸುವ ವಿಷಯವಲ್ಲ.

ನನ್ನ ಮೇಲಿನ ಮನೆಯವರನ್ನು ನೀನು ಬಂದಾಗ ನೋಡಿದ್ದೀಯ. ಪಿಯಾನೊಗಳಿಗೆ ಶ್ರುತಿ ಮಾಡುವವರು, ಕಣ್ಣು ಕಾಣದವರು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಶ್ರುತಿಯವರು ಅನ್ನುತ್ತೇವೆ. ಅವರಿಗೆ ದಾರಿ ತೋರಿಸುವ ಆ ದೊಡ್ಡ ಬಿಳಿ ನಾಯಿಗೆ ಮ್ಯಾನೇಜರ್ ಅನ್ನುತ್ತೇವೆ. ಎಂಟೂ ಮುಕ್ಕಾಲಕ್ಕೆ ಸರಿಯಾಗಿ ಕೆಲಸಕ್ಕೆ ಹೊರಡುವುದು, ಪ್ರತಿ ಮೆಟ್ಟಿಲಿಗೂ ನಿಂತು ತಪಾಸಣೆ ಮಾಡುವುದು, ಯಾರ ಮುಖವನ್ನೂ ನೋಡದಿರುವುದು ಕಂಡು ಕೆಳಮನೆಯ ಹೊಲಿಗೆಯಮ್ಮ ಇಟ್ಟ ಹೆಸರು. ಆ ನಾಯಿಗೆ ಯಾರೂ ಏನನ್ನೂ ತಿನ್ನಿಸಬಾರದು. ಇದು ಶ್ರುತಿಯವರು ಮನೆಗೆ ಬಂದ ಮೊದಲ ದಿನವೇ ಬಾಗಿಲು ಬಾಗಿಲಿಗೂ ಬಂದು ಹೇಳಿಹೋದ ಒಂದೇ ಮಾತು. ನನಗೆ ಇನ್ನೂ ಕಿವಿಯಲ್ಲಿದೆ: "ದಯವಿಟ್ಟು ಅವನಿಗೆ ಒಂದು ಚೂರೂ ಕೊಡ್ಬೇಡಿ ಅಮ್ಮಾ. ತಿಂಡಿ ಕಂಡ ಕಡೆ ತಿರುಗೋ ನಾಯಿ ನನ್ನನ್ನ ಬಸ್ಸಿನ ಚಕ್ರದ ಕಡೆಗೂ ತಿರುಗಿಸುತ್ತೆ."

ನಿನ್ನೆ ಬೆಳಿಗ್ಗೆ ಎಂಟೂ ಮುಕ್ಕಾಲಕ್ಕೆ ನಾನು ಅವನಿಗೆ ಎರಡು ಕೊಟ್ಟೆ. ಆ ನಾಯಿ ಈಗ ಒಳಗೆ, ಈ ಗೋಡೆಯ ಆಚೆ, ಮುಂಗಾಲಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದೆ.

ಏನು ಕೊಟ್ಟೆ ಅನ್ನುವುದು ನಿನಗೆ ಗೊತ್ತು, ನೀನು ನಕ್ಕಿದ್ದೆ. "ಅಕ್ಕಾ, ಮಗಳಿಗೆ ಬಾಣಂತನ ಮಾಡೋರೂ ಇಷ್ಟು ಮಾಡಲ್ಲ ಕಣೇ, ನಾಯಿಗೆ ಐಸು!" ಅಂದಿದ್ದೆ. ಬೇಸಿಗೆ ಶುರುವಾದಾಗ ಹೊಲಿಗೆಯಮ್ಮನ ನಾಯಿ ಗುಂಡ ನಾಲಿಗೆ ನೆಲಕ್ಕೆ ಹಾಸಿ ಮಲಗುವುದು ನೋಡಲಾರದೆ ಶುರು ಮಾಡಿದ್ದು. ಕಳಿತ ಬಾಳೆಹಣ್ಣು ಎರಡು, ಸಪ್ಪೆ ಮೊಸರು ಒಂದು ಬಟ್ಟಲು, ತುರಿದು ಹಿಂಡಿದ ಸೌತೆಕಾಯಿ, ಆರು ಚಮಚ ಪೀನಟ್ ಬಟರ್. ಎಲ್ಲ ಕಡೆದು ಹನ್ನೆರಡು ಗುಳಿಯ ರಬ್ಬರ್ ಟ್ರೇಗೆ ಸುರಿದು ಫ್ರೀಜರಿನಲ್ಲಿಟ್ಟರೆ ಮರುದಿನಕ್ಕೆ ಕಲ್ಲಿನ ಹಾಗಾಗುತ್ತದೆ. ಟ್ರೇಯ ಬೆನ್ನಿಗೆ ಬೆಚ್ಚನೆ ನೀರು ಹಾಯಿಸಿ ಹಿಂದಿನಿಂದ ಒತ್ತಿದರೆ ಒಂದೊಂದೇ ಟಪ್ಪನೆ ಬೀಳುತ್ತದೆ. ದ್ರಾಕ್ಷಿ ಕೂಡದು, ಚಾಕೊಲೇಟ್ ಕೂಡದು, ಈರುಳ್ಳಿ ಕೂಡದು ಎಂದು ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಬರೆದು ಅಂಟಿಸಿಕೊಂಡಿದ್ದೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವಳು. ನನಗೆ ಯಾರೂ ಎಚ್ಚರಿಕೆ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಇನ್ನೊಂದು ಚಾಳಿಯೂ ನಿನಗೆ ಗೊತ್ತು. ಅಂಗಡಿಯಿಂದ ತಂದ ಯಾವ ಡಬ್ಬಿಯನ್ನೂ ನಾನು ಹಾಗೇ ಇಡುವುದಿಲ್ಲ. ಎಲ್ಲವನ್ನೂ ಒಂದೇ ಅಳತೆಯ ಗಾಜಿನ ಸೀಸೆಗೆ ಬಗ್ಗಿಸಿ, ನನ್ನ ಅಕ್ಷರದಲ್ಲಿ ಹೆಸರೂ ತಾರೀಖೂ ಬರೆದು ಅಂಟಿಸುತ್ತೇನೆ. ಹೆಸರಿಲ್ಲದ ಸೀಸೆಯಿಂದ ಔಷಧಿ ಕೊಡಬಾರದು ಎಂದು ಕಲಿತ ಕೈ ಅದು. ಮಂಗಳವಾರ ನನ್ನ ಪೀನಟ್ ಬಟರ್ ಮುಗಿಯಿತು. ಬುಧವಾರ ನೀನು ಬಿಟ್ಟುಹೋದ ಡಬ್ಬಿ ಒಡೆದೆ. ಸೀಸೆಗೆ ಬಗ್ಗಿಸಿದೆ, ‘ಪೀನಟ್ ಬಟರ್’ ಎಂದು ಬರೆದೆ, ತಾರೀಖು ಹಾಕಿದೆ. ಡಬ್ಬಿಯನ್ನು ಕಸದ ಗಾಡಿಗೆ ಕೊಟ್ಟೆ. ಲೇಬಲ್ಲಿನಲ್ಲಿ ಬರೆದದ್ದು ನಿಜವೇ ಪುಟ್ಟಿ, ಒಂದಕ್ಷರವೂ ಸುಳ್ಳಿಲ್ಲ. ಉಳಿದದ್ದನ್ನೆಲ್ಲ ನಾನು ಕಸದ ಗಾಡಿಗೆ ಹಾಕಿದ್ದೆ, ಅಷ್ಟೆ.

ನಿನ್ನೆ ಹತ್ತೂ ನಲವತ್ತಕ್ಕೆ ನಿನ್ನ ಕಾಗದ ಬಂತು. ನಿನ್ನ ಮಂಡಿನೋವು, ನಿನ್ನ ಸೊಸೆಯ ಹೊಸ ಪರದೆ, ಎಲ್ಲ ಓದಿ ನಗುತ್ತಾ ಮೂರನೇ ಪುಟಕ್ಕೆ ಬಂದೆ. "ನಾನು ಬಿಟ್ಟು ಬಂದ ಪೀನಟ್ ಬಟರ್ ನೀನೇ ತಿಂದು ಮುಗಿಸು. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ಮಾಡಿದ್ದು, ಸಕ್ಕರೆ ಬದಲು ಜೈಲಿಟಾಲ್ ಅಂತೇನೋ ಹಾಕಿರ್ತಾರೆ. ನಿನ್ನ ನಾಯಿಗಳಿಗೆ ಮಾತ್ರ ಹಾಕಬೇಡ, ಅವಕ್ಕೆ ಅದು ವಿಷವಂತೆ."

ಒಂದು ಸಲ ಓದಿದೆ. ಇನ್ನೊಂದು ಸಲ ಓದುವ ಧೈರ್ಯ ಬರಲಿಲ್ಲ.

ಈಗ ನಿನಗೆ ಮಾತ್ರ ಹೇಳುವ ಮಾತು. ಗುಂಡನ ಪಾಲನ್ನು ನಾನು ಮಧ್ಯಾಹ್ನ ಕೊಡುವುದು, ಹಾಗಾಗಿ ಅದು ಇನ್ನೂ ಫ್ರೀಜರಿನಲ್ಲೇ ಇತ್ತು. ತಿಂದವನು ಮ್ಯಾನೇಜರ್ ಒಬ್ಬನೇ. ನಾನು ಕೊಟ್ಟದ್ದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಯಿಗೆ ಮಾತು ಬರುವುದಿಲ್ಲ, ಯಜಮಾನರಿಗೆ ಕಣ್ಣು ಕಾಣುವುದಿಲ್ಲ. ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಉಳಿದ ಹತ್ತನ್ನೂ ಸಿಂಕಿಗೆ ಹಾಕಿ ಬಿಸಿನೀರು ಬಿಟ್ಟೆ. ಟ್ರೇ ತೊಳೆದೆ, ಒರೆಸಿದೆ, ಅದರ ಜಾಗದಲ್ಲಿಟ್ಟೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ. ಗಡಿಯಾರ ಎದುರಿಗೇ ಇತ್ತು. ಹನ್ನೊಂದು ನಿಮಿಷ ಕೂತಿದ್ದೆ. ಆ ಹನ್ನೊಂದು ನಿಮಿಷದಲ್ಲಿ ಏನು ಯೋಚಿಸಿದೆ ಎಂದು ಬರೆಯಲಾರೆ, ನೀನು ಊಹಿಸಬಲ್ಲೆ.

ನನ್ನನ್ನು ಎಬ್ಬಿಸಿದ್ದು ಒಳ್ಳೆಯತನವಲ್ಲ. ಕೆಳಗೆ ಗುಂಡ ಬೊಗಳಿತು, ನಾನು ಬೆಚ್ಚಿಬಿದ್ದು ಎದ್ದು ನಿಂತೆ, ನಿಂತ ಮೇಲೆ ಕಾಲು ಮೆಟ್ಟಿಲಿಳಿಯಿತು.

ಶ್ರುತಿಯವರು ಕೆಲಸದಲ್ಲಿದ್ದಾಗ ಫೋನ್ ಆರಿಸಿಟ್ಟಿರುತ್ತಾರೆ. ಎಲ್ಲಿಗೆ ಹೋಗಿದ್ದಾರೆ ಎಂದು ಹೊಲಿಗೆಯಮ್ಮನನ್ನು ಕೇಳಿದೆ. ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, "ಬಸ್ ಡಿಪೋ ಹತ್ರ ಹೆಣ್ಮಕ್ಕಳ ಶಾಲೆ ಇಲ್ವಾ, ಅಲ್ಲಿಗೆ. ಯಾಕೆ ಕಾಂಪೌಂಡರಮ್ಮ, ಮುಖ ಸುಣ್ಣ ಬಳಿದಂಗಿದೆ? ಯಾರಿಗೇನಾಯ್ತು?" ಅಂದಳು. ಏನಿಲ್ಲ ಅಂದೆ. ಏನಿಲ್ಲ ಅನ್ನುವವರು ಹಾಗೆ ಓಡುವುದಿಲ್ಲ ಎಂದು ಅವಳಿಗೆ ತಿಳಿದೇ ಇರುತ್ತದೆ.

ಟ್ಯಾಕ್ಸಿಯಲ್ಲಿ ಹದಿನೆಂಟು ನಿಮಿಷ. ಶಾಲೆಯ ಸಭಾಂಗಣ ಖಾಲಿ ಇತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ವೇದಿಕೆಯ ಮೇಲೆ ಪಿಯಾನೊದ ಮುಚ್ಚಳ ಎತ್ತಿ, ಅದರ ಹೊಟ್ಟೆಯೊಳಗೆ ಕೈಯಿಟ್ಟು, ಅವರು ಒಂದೇ ಸ್ವರವನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ಎಡಗೈ ಮೇಲೆತ್ತಿದರು. ಸುಮ್ಮನಿರಿ ಎಂದು. ನಾನು ಸುಮ್ಮನಾದೆ ಪುಟ್ಟಿ! ಅಷ್ಟು ದೂರ ಓಡಿಬಂದವಳು, ಆ ಕೈ ಇಳಿಯುವವರೆಗೂ ಉಸಿರು ಬಿಗಿಹಿಡಿದು ನಿಂತೆ. ಮ್ಯಾನೇಜರ್ ಪಿಯಾನೊದ ಕೆಳಗಿದ್ದ. ಸದಾ ತಲೆ ಎತ್ತಿ ಮಲಗುವವನು ತಲೆಯನ್ನು ನೆಲಕ್ಕೆ ಹಾಕಿದ್ದ. ಹಿಂಗಾಲಿನ ತೊಡೆ ಸಣ್ಣಗೆ, ನಿಲ್ಲದೆ ಅದುರುತ್ತಿತ್ತು.

ಕೈ ಇಳಿಯಿತು. ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ನಾನು ಕಾಂಪೌಂಡರಮ್ಮ, ನಿಮ್ಮ ನಾಯಿಗೆ ನಾನು ಐಸು ತಿನ್ನಿಸಿದೆ, ಅದರಲ್ಲಿ ನಾಯಿಗೆ ಆಗದ ವಸ್ತು ಇತ್ತು, ಇಷ್ಟನ್ನು ಉಸಿರಾಡದೆ ಹೇಳಿರಬೇಕು. ಅವರು ಬಯ್ಯುತ್ತಾರೆ ಎಂದು ಕಾದೆ.

"ಎಷ್ಟು ಹೊತ್ತಾಯ್ತು?" ಅಂದರು.

"ಎರಡೂಮುಕ್ಕಾಲು ಗಂಟೆ."

"ಇವತ್ತು ಕೊಟ್ರಾ?"

"ಇವತ್ತು ಬೆಳಿಗ್ಗೆ. ಸೆಕೆ ಅಂತ..."

ಅವರು ಬಗ್ಗಿ ನಾಯಿಯ ಬೆನ್ನಿನ ಪಟ್ಟಿಯ ಹಿಡಿಯನ್ನು ಕೈಯಲ್ಲಿ ಹುಡುಕಿದರು. ಹಿಡಿ ಕಿರ್ ಅಂದದ್ದೇ ತಡ, ಮ್ಯಾನೇಜರ್ ಎದ್ದ. ಕೆಲಸದ ಹೊತ್ತಾಯಿತು ಅಂದುಕೊಂಡನೇನೋ. ಯಜಮಾನರ ಎಡಕ್ಕೆ ಬಂದು ನಿಂತ, ಬಾಗಿಲ ಕಡೆಗೆ ಸರಿಯಾಗಿ ನೇರ ಮಾಡಿಕೊಂಡ, ಮೂರು ಹೆಜ್ಜೆ ಕರೆದುಕೊಂಡು ಹೋದ. ವೇದಿಕೆಯ ಮೆಟ್ಟಿಲು ಬಂದಾಗ ಎಂದಿನ ಹಾಗೆ ನಿಂತು ಎಚ್ಚರಿಸಿದ. ನಿಂತಲ್ಲೇ ಪಕ್ಕಕ್ಕೆ ಕುಸಿದ.

ನಾನು ಇಷ್ಟು ವರ್ಷ ಸಾವು ಕಂಡವಳು, ನಿನಗೆ ಗೊತ್ತು. ಹೀಗೆ ಹೆದರಿರಲಿಲ್ಲ.

ನಾಯಿಯನ್ನು ಅವರು ಎತ್ತಿಕೊಂಡರು, ಅವರನ್ನು ನಾನು ಕರೆದುಕೊಂಡು ಹೋಗಬೇಕಾಯಿತು. ನನ್ನ ಮೊಣಕೈ ಹಿಡಿಯಲು ಅವರ ಕೈ ಖಾಲಿ ಇರಲಿಲ್ಲ, ಹಾಗಾಗಿ ನಾನೇ ಅವರ ತೋಳು ಹಿಡಿದೆ. ದಾರಿ ತೋರಿಸುವುದು ನನಗೆ ಬರುವುದಿಲ್ಲ ಪುಟ್ಟಿ. ನಾನು ದಾಟಿದ ಬಾಗಿಲನ್ನು ಅವರೂ ದಾಟಿದರು ಅಂದುಕೊಂಡೆ. ಅವರ ಭುಜ ಚೌಕಟ್ಟಿಗೆ ಬಡಿದ ಸದ್ದು ಕೇಳಿದಾಗ ಗೊತ್ತಾಯಿತು. ಅವರು ಅಯ್ಯೋ ಅನ್ನಲಿಲ್ಲ. "ಮೆಟ್ಟಿಲಿದ್ರೆ ಮೊದಲೇ ಹೇಳಿ" ಅಂದರು, ಅಷ್ಟೆ.

ಇಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಚೂರಿ. "ಡಬ್ಬಿ ಎಲ್ಲಿ? ಅದರಲ್ಲಿ ಏನೇನಿದೆ ಅಂತ ಬರೆದಿರ್ತಾರಲ್ಲ, ಅದು ಎಲ್ಲಿ?" ಅಂದಳು. ಎಸೆದೆ ಅಂದೆ. "ಔಷಧಿ ಡಬ್ಬಿನೂ ಹೀಗೇ ಎಸೀತೀರಾ?" ಅಂದಳು. ನಾನು ಯಾರಾಗಿದ್ದೆ ಎಂಬುದು ಬಾಯಿಗೆ ಬಂತು, ನುಂಗಿಕೊಂಡೆ. ಕೊನೆಗೆ ಚೀಲದಿಂದ ನಿನ್ನ ಕಾಗದ ತೆಗೆದು ಮೂರನೇ ಪುಟ ತೋರಿಸಿದೆ. ನಿನ್ನ ಮಂಡಿನೋವು, ಪರದೆ ಎಲ್ಲ ಸಮೇತ ಅದನ್ನು ಕ್ಲಿಪ್ಪಿಗೆ ಹಾಕಿ ಕಡತದಲ್ಲಿಟ್ಟಿದ್ದಾರೆ. ಕಸದ ಗಾಡಿಗೆ ಹೋದ ಲೇಬಲ್ಲಿನ ಜಾಗದಲ್ಲಿ ಈಗ ನಿನ್ನ ಅಕ್ಷರವಿದೆ. ಎಷ್ಟು ಚಮಚ, ಎಷ್ಟು ಗುಳಿ, ಒಂದು ಗುಳಿಗೆ ಎಷ್ಟು ಗ್ರಾಮ್ ಎಂಬ ಲೆಕ್ಕ ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಹೇಳಿದೆ. ಅವಳು ತಲೆಯೆತ್ತಿ ಒಮ್ಮೆ ನೋಡಿದಳು.

ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತಂತೆ. ನಿನ್ನೆಯಿಂದ ಗ್ಲೂಕೋಸ್ ಹನಿಯುತ್ತಿದೆ, ಎರಡೆರಡು ಗಂಟೆಗೆ ರಕ್ತ ನೋಡುತ್ತಾರೆ. ಸಕ್ಕರೆ ಈಗ ಏರಿ ನಿಂತಿದೆ. ಆದರೆ ಹೆದರಿಕೆ ಮುಗಿದಿಲ್ಲ. ಈ ವಿಷ ಎರಡನೇ ಸಲ ಲಿವರಿಗೆ ಹೊಡೆಯುತ್ತದಂತೆ, ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು. ನಾಯಿ ಎದ್ದು ಬಾಲ ಆಡಿಸುತ್ತಿರುವಾಗಲೇ ಒಳಗೆ ಲಿವರ್ ಸಾಯುತ್ತಿರಬಹುದಂತೆ. ನಾಳೆ ಸಂಜೆ ನಾಲ್ಕಕ್ಕೆ ಕೊನೆಯ ಪರೀಕ್ಷೆ.

ಅವನು ಸತ್ತರೆ ನಾನು ಆ ಕಟ್ಟಡದ ಮೆಟ್ಟಿಲು ಹೇಗೆ ಹತ್ತಲಿ?

*

ಶುಕ್ರವಾರವೇ, ಮಧ್ಯಾಹ್ನ

ಶ್ರುತಿಯವರು ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಹೊಲಿಗೆಯಮ್ಮ ಊಟದ ಡಬ್ಬಿ ಕೊಟ್ಟು ಹೋದಳು. ನನ್ನ ಪೆನ್ನಿನ ಸದ್ದು ಕೇಳಿ, "ತುಂಬಾ ಬರೀತಿದ್ದೀರಿ" ಅಂದರು. ತಂಗಿಗೆ ಅಂದೆ.

ಇವತ್ತು ಅವರಾಗಿಯೇ ಮಾತಾಡಿದರು, ಅದನ್ನು ಬರೆಯಬೇಕು. ಕಳೆದ ಒಂದು ತಿಂಗಳಿಂದ ಮ್ಯಾನೇಜರ್ ದಾರಿ ತಪ್ಪುತ್ತಿದ್ದಾನಂತೆ. ಬೀದಿಯಲ್ಲಲ್ಲ, ನಮ್ಮ ಮೆಟ್ಟಿಲಲ್ಲೇ. ಎರಡನೇ ಮಹಡಿಗೆ ಬಂದರೆ ಸಾಕು, ನೇರ ಇಳಿಯುವ ಬದಲು ಬಲಕ್ಕೆ ಎಳೆಯುತ್ತಾನಂತೆ. ಕಳೆದ ವಾರ ಅವರು ಕಾಲು ಉಳುಕಿಸಿಕೊಂಡದ್ದು ಹಾಗೇ. ಆ ಕಾಲಿಗೆ ಪಟ್ಟಿ ಸುತ್ತಿದ್ದು ನಾನು, ನಿನಗೆ ಹಿಂದಿನ ಕಾಗದದಲ್ಲಿ ಬರೆದಿದ್ದೆ.

"ಏಳು ವರ್ಷದ ನಾಯಿ. ಇಷ್ಟು ಬೇಗ ಬುದ್ಧಿ ಮಂದ ಆಗಬಾರದು. ಆದರೆ ಮೆಟ್ಟಿಲಲ್ಲಿ ತಪ್ಪಿದವನು ನಾಳೆ ರಸ್ತೆಯಲ್ಲಿ ತಪ್ಪದೆ ಇರ್ತಾನಾ ಕಾಂಪೌಂಡರಮ್ಮ?" ಅಂದರು. ತರಬೇತಿ ಕೇಂದ್ರಕ್ಕೆ ಕಾಗದ ಬರೆದಿಟ್ಟಿದ್ದಾರಂತೆ, ಇವನನ್ನು ವಾಪಸು ತೆಗೆದುಕೊಳ್ಳಿ ಎಂದು. ಇನ್ನೊಂದು ನಾಯಿ ಸಿಗಲು ಎರಡು ವರ್ಷ ಸರದಿ ಕಾಯಬೇಕು. ಅಲ್ಲಿಯವರೆಗೆ? ಅಂದೆ. "ಅಲ್ಲಿಯವರೆಗೆ ಮನೆ. ಪಿಯಾನೊಗಳು ನಡ್ಕೊಂಡು ನನ್ನ ಮನೆಗೆ ಬರ್ತವಾ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಈಗ ಹೀಗಾಗಿದೆ. ಬದುಕಲಿ ಮೊದಲು. ಬದುಕಿದರೆ ಕಳಿಸಿಬಿಡ್ತೀನಿ. ನನ್ನ ಜೊತೆ ಇದ್ದು ಇಬ್ಬರೂ ಚಕ್ರಕ್ಕೆ ಸಿಕ್ಕೋದು ಬೇಡ" ಅಂದರು.

ಎದ್ದು ನೀರು ಕುಡಿಯಲು ಹೋಗುವಾಗ ಇನ್ನೊಂದು ಮಾತು ಕೇಳಿದರು. "ನಿಮ್ಮ ಬಾಗಿಲ ಮುಂದೆ ಮೆಟ್ಟಿಲು ದಿನಾ ಒದ್ದೆ ಇರುತ್ತಲ್ಲ, ಅದೇನು? ಶೂಗೆ ತಾಗುತ್ತೆ."

ಗಿಡಕ್ಕೆ ನೀರು ಹಾಕುತ್ತೇನೆ ಅಂದೆ.

"ಓ" ಅಂದರು.

*

ಶನಿವಾರ, ಸಂಜೆ ಆರು
ಮನೆಯಿಂದ

ಬದುಕಿದ.

ನಾಲ್ಕೂ ಹತ್ತಕ್ಕೆ ಡಾಕ್ಟರು ಹಾಳೆ ಹಿಡಿದು ಹೊರಗೆ ಬಂದಳು. ಅವಳ ಮುಖ ನೋಡಲಾರದೆ ಅವಳ ಕಾಲಿನ ರಬ್ಬರ್ ಚಪ್ಪಲಿ ನೋಡುತ್ತಾ ನಿಂತಿದ್ದೆ. "ಲಿವರ್ ಸರಿಯಾಗಿದೆ. ಕರ್ಕೊಂಡು ಹೋಗಿ. ಅಜ್ಜಿ, ನೀವು ಮಾತ್ರ ಇವನಿಗೆ ನೀರು ಕೂಡ ಕೊಡಬೇಡಿ" ಅಂದಳು. ಶ್ರುತಿಯವರು ಗೋಡೆ ಹಿಡಿದು ಕೂತುಬಿಟ್ಟರು.

ಮನೆಗೆ ಬರುವಾಗ ಮ್ಯಾನೇಜರ್ ನಿಧಾನವಾಗಿ, ಆದರೆ ತಾನೇ ಕರೆದುಕೊಂಡು ಬಂದ. ಪಾದಚಾರಿ ದಾರಿಯ ಅಂಚು, ಅಗೆದ ಗುಂಡಿ, ಸೈಕಲ್ಲು, ಒಂದನ್ನೂ ಬಿಡಲಿಲ್ಲ. ಮೊದಲನೇ ಮಹಡಿಯವರೆಗೆ ಹೆಜ್ಜೆ ತಪ್ಪಲಿಲ್ಲ. ಎರಡನೆಯದಕ್ಕೆ ಬಂದಾಗ ನಾನು ಹಿಂದಿದ್ದೆ. ನನ್ನ ಬಾಗಿಲು ಮುಚ್ಚಿತ್ತು, ಬೀಗ ಹಾಕಿತ್ತು. ಮ್ಯಾನೇಜರ್ ಬಾಗಿಲ ಕಡೆಗೆ ತಿರುಗಿ ನಿಂತ. ಬಾಲ ಎರಡು ಸಲ ಆಡಿತು.

"ನೋಡಿದ್ರಾ?" ಅಂದರು ಶ್ರುತಿಯವರು.

ಅವರ ಮನೆ ಬಾಗಿಲಲ್ಲಿ ಒಂದು ಲಕೋಟೆ ಕೊಟ್ಟರು. ಕೇಂದ್ರಕ್ಕೆ ಬರೆದ ಕಾಗದ, ಒಳಗಿರುವುದು ಬೆರಳಿಂದ ಮುಟ್ಟಿ ಓದುವ ಚುಕ್ಕಿಗಳ ಬರಹ. ಮೇಲೆ ವಿಳಾಸ ಮಾತ್ರ ಶಾಯಿಯಲ್ಲಿ ಬೇಕಂತೆ. "ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಹೊಲಿಗೆಯಮ್ಮ ಹೇಳ್ತಾಳೆ. ವಿಳಾಸ ಬರೆದು, ನಿಮ್ಮ ತಂಗಿ ಕಾಗದದ ಜೊತೆಗೇ ಡಬ್ಬಿಗೆ ಹಾಕಿಬಿಡಿ" ಅಂದರು.

ನಿನಗೆ ಬರೆಯುತ್ತಿರುವ ಈ ಕಾಗದದ ಪಕ್ಕದಲ್ಲಿ ಅದು ಈಗ ಮೇಜಿನ ಮೇಲಿದೆ. ನಾಯಿ ಬದುಕಿದೆ, ಆದರೂ ನನ್ನ ಎದೆ ಗುರುವಾರಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿದೆ. ಯಾಕೆ ಎಂದು ಬರೆಯದೆ ಮುಗಿಸೋಣ ಅಂದುಕೊಂಡೆ.

ಮಂಡಿಗೆ ಬಿಸಿ ಶಾಖ ಕೊಟ್ಟುಕೋ. ಸೊಸೆಯ ಪರದೆಯ ಬಣ್ಣದ ಬಗ್ಗೆ ಬಾಯಿ ಬಿಡಬೇಡ.

ನಿನ್ನನ್ನು ಬಿಟ್ಟರೆ ಹೇಳಿಕೊಳ್ಳಲು ಯಾರೂ ಇಲ್ಲದ,
ಅಕ್ಕ

ವಿ. ಸೂ. ನಿನ್ನ ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ. ನನ್ನ ಮನೆಯಲ್ಲಿ ಗಿಡವಿಲ್ಲ. ನನ್ನ ಕೈಯಲ್ಲಿ ಕಳ್ಳಿಯೂ ಬದುಕುವುದಿಲ್ಲ ಎಂದು ನೀನೇ ಅಣಕಿಸಿದ್ದೆ. ಗುರುವಾರ ಮೊದಲ ದಿನವಲ್ಲ ಪುಟ್ಟಿ, ನಲವತ್ತೊಂದನೆಯ ದಿನ. ಮೊದಲ ಸಲ ಗುಂಡನ ಪಾಲು ಒಯ್ಯುವಾಗ ಒಂದು ಕೈಜಾರಿ ಬಿತ್ತು, ಮೆಟ್ಟಿಲಲ್ಲಿ ಎದುರಾದ ಮ್ಯಾನೇಜರ್ ಮೆಲ್ಲಗೆ ನೆಕ್ಕಿ ನನ್ನ ಮುಖ ನೋಡಿದ. ಯಾರ ಮುಖವನ್ನೂ ನೋಡದವನು. ಮರುದಿನದಿಂದ ಎಂಟೂ ಮುಕ್ಕಾಲಕ್ಕೆ ಬಾಗಿಲು ತೆರೆದು ನಿಲ್ಲುತ್ತಿದ್ದೆ. ಬಾಯಿ ಅವರಿಗೆ ನಮಸ್ಕಾರ ಹೇಳುತ್ತಿತ್ತು, ಕೈ ಕೆಳಗೆ ಇಳಿಯುತ್ತಿತ್ತು. ಅವರ ಕಿವಿ ಎಂಥದ್ದು ನೋಡು, ಅದಕ್ಕೇ ಕಡಿದರೆ ಸದ್ದಾಗದ ಹಾಗೆ ಹತ್ತು ನಿಮಿಷ ಮೊದಲೇ ತೆಗೆದು ಕರಗಿಸಿಡುತ್ತಿದ್ದೆ. ಮೆಟ್ಟಿಲ ಮೇಲಿನ ಒದ್ದೆ ಆ ಕರಗಿದ ಹನಿ. ಅವನ ಬುದ್ಧಿ ಮಂದವಾಗಿಲ್ಲ, ನನ್ನ ಬಾಗಿಲನ್ನು ನಾನೇ ಅವನಿಗೆ ಕಲಿಸಿದ್ದೇನೆ. ಕಾಲಿಗೆ ಪಟ್ಟಿ ಸುತ್ತುವಾಗಲೂ ನನಗೆ ಗೊತ್ತಿತ್ತು.

ಅವರ ಲಕೋಟೆಯ ಮೇಲೆ ವಿಳಾಸ ಬರೆದಿಲ್ಲ. ನಿನ್ನ ಈ ಕಾಗದ ಹಿಡಿದು ಈಗ ಮೇಲೆ ಹೋಗಿ, ಈ ವಿ. ಸೂ. ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಬಾಯಿಂದ ಹೇಳಹೊರಟರೆ ಮತ್ತೆ ಗಿಡಕ್ಕೆ ನೀರು ಹಾಕಿಬಿಡುತ್ತೇನೆ. ಓದಿದ ಮೇಲೆಯೇ ಇದು ಅಂಚೆ ಡಬ್ಬಿಗೆ. ನಿನ್ನ ಕೈಗೆ ಬಂದಿದ್ದರೆ, ನಾನು ಆ ಬಾಗಿಲು ತಟ್ಟಿದ್ದೇನೆ.